ಒಪ್ಪುವ ಮುನ್ನ, ತಳ್ಳಿಹಾಕುವ ಮುನ್ನ

ಲೇಖನವೊಂದನ್ನು ವಿಮರ್ಶಿಸುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಅದು ಕಲಿತು ಬರುವ ವಿದ್ಯೆ. ನಮ್ಮ ತರಗತಿಗಳಲ್ಲಿ ಅದನ್ನು ಕಲಿಸುವುದು ಕಡಿಮೆ, ಹೊರಗಿನ ಬದುಕಿನಲ್ಲಿ ಅದರ ಅಗತ್ಯ ದಿನದಿನಕ್ಕೆ ಹೆಚ್ಚು.

1973ರಲ್ಲಿ ಮೈಸೂರಿನಲ್ಲಿ ‘ವೈಮಾನಿಕ ಶಾಸ್ತ್ರ’ ಎಂಬ ಪುಸ್ತಕ ಪ್ರಕಟವಾಯಿತು. ಭರದ್ವಾಜ ಮಹರ್ಷಿಗಳು ರಚಿಸಿದ್ದೆಂದು ಹೇಳಲಾದ ಸಂಸ್ಕೃತ ಶ್ಲೋಕಗಳು, ಜಿ.ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದ, ಜೊತೆಗೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ನಕ್ಷೆಗಳು ಅದರಲ್ಲಿದ್ದವು. ಇಂಥ ಪುಸ್ತಕ ಕೈಗೆ ಬಂದಾಗ ಹಿಗ್ಗಿ ಒಪ್ಪಿಕೊಳ್ಳುವುದು ಸುಲಭ. ನಕ್ಕು ತಳ್ಳಿಹಾಕುವುದು ಇನ್ನೂ ಸುಲಭ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಈ ಎರಡನ್ನೂ ಮಾಡಲಿಲ್ಲ. ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಅವರು ಏರೋನಾಟಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗಗಳಲ್ಲಿದ್ದವರು. ಪುಸ್ತಕವನ್ನು ಎದುರಿಗಿಟ್ಟುಕೊಂಡು ಓದಿ, 1974ರಲ್ಲಿ ‘ಸೈಂಟಿಫಿಕ್ ಒಪಿನಿಯನ್’ ಪತ್ರಿಕೆಯಲ್ಲಿ ಅದರ ವಿಮರ್ಶಾತ್ಮಕ ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಲವೇ ಪುಟಗಳ ಬರಹ. ಲೇಖನವನ್ನೋ ಪುಸ್ತಕವನ್ನೋ ವಿಮರ್ಶಿಸುವುದು ಹೇಗೆ ಎಂದು ಕಲಿಯಬಯಸುವವರಿಗೆ ನಮ್ಮದೇ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಅವರು ಮೊದಲು ಕೇಳಿದ್ದು ವಿಮಾನ ಹಾರುತ್ತದೆಯೇ ಎಂದಲ್ಲ, ಈ ಗ್ರಂಥ ಎಲ್ಲಿಂದ ಬಂತು ಎಂದು. ಹುಡುಕುತ್ತ ಹೋದಾಗ ದಾರಿ ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಳಿ ಬಂದು ನಿಂತಿತು. 1918ರಿಂದ 1923ರವರೆಗಿನ ಅವಧಿಯಲ್ಲಿ ಶಾಸ್ತ್ರಿಗಳು ಶ್ಲೋಕಗಳನ್ನು ಹೇಳುತ್ತ ಹೋಗಿದ್ದರು, ಜಿ. ವೆಂಕಟಾಚಲ ಶರ್ಮರು ಬರೆದುಕೊಂಡಿದ್ದರು. ನಕ್ಷೆಗಳನ್ನು ಬರೆದವರು ಟಿ.ಕೆ. ಎಲ್ಲಪ್ಪ. ಅವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದವರು. ಗ್ರಂಥ 1904ಕ್ಕಿಂತ ಹಿಂದೆ ಇತ್ತು ಎನ್ನಲು ಆಧಾರವಿಲ್ಲ ಎಂಬುದು ಇವರು ತಲುಪಿದ ಮೊದಲ ತೀರ್ಮಾನ. ರೈಟ್ ಸೋದರರ ವಿಮಾನ ಹಾರಿದ್ದು 1903ರ ಡಿಸೆಂಬರಿನಲ್ಲಿ.

ಆಮೇಲೆ ಭಾಷೆಗೆ ಬಂದರು. ಶ್ಲೋಕಗಳ ಸಂಸ್ಕೃತ ಸರಳವಾಗಿದೆ, ಈಚಿನದಾಗಿದೆ, ವೇದಕಾಲದ ಭಾಷೆಯ ಲಕ್ಷಣ ಅದಕ್ಕಿಲ್ಲ ಎಂದರು. ಬಳಿಕ ಪಠ್ಯವನ್ನೂ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎರಡಕ್ಕೂ ತಾಳೆಯಾಗಲಿಲ್ಲ. ನಕ್ಷೆಗಳಲ್ಲಿ ಆಧುನಿಕ ಯಂತ್ರಗಳ ಪರಿಚಯ ಎದ್ದು ಕಾಣುತ್ತಿತ್ತು. ಕೊನೆಗೆ ತಮ್ಮ ಕಸುಬಿನ ಪ್ರಶ್ನೆಗೆ ಬಂದರು: ಇಲ್ಲಿ ವಿವರಿಸಿದ ಅಳತೆ, ತೂಕ, ಆಕಾರದ ವಾಹನ ಮೇಲೇಳಬಲ್ಲದೇ? ವಿಮಾನದಿಂದ ವಿಮಾನಕ್ಕೆ ಪರಿಶೀಲಿಸುತ್ತ ಹೋದರು. ಮೇಲಿನಿಂದ ಗಾಳಿ ಎಳೆದು ಕೆಳಕ್ಕೆ ತಳ್ಳುವ ರುಕ್ಮ ವಿಮಾನದ ಕಲ್ಪನೆಯಲ್ಲಿ ಮಾತ್ರ ಒಂದಿಷ್ಟು ಅರ್ಥವಿದೆ ಎಂದು ಗುರುತಿಸಿದರು. ಉಳಿದಂತೆ ಹಾರಾಟದ ತತ್ತ್ವಗಳ ವಿವರಣೆ ತಪ್ಪು, ಕೆಲವು ಕಡೆ ನ್ಯೂಟನ್ನನ ಚಲನೆಯ ನಿಯಮಗಳಿಗೇ ವಿರುದ್ಧ, ಯಾವ ವಿಮಾನವೂ ಹಾರುವಂಥದ್ದಲ್ಲ ಎಂದು ಮುಗಿಸಿದರು.

ಈ ಐವರಲ್ಲಿ ಒಬ್ಬರಾದ ಎಚ್.ಆರ್. ನಾಗೇಂದ್ರ ಅವರು ಮುಂದೆ ಯೋಗದ ಅಧ್ಯಯನ ಮತ್ತು ಪ್ರಚಾರಕ್ಕೇ ಬದುಕನ್ನು ಮುಡಿಪಿಟ್ಟರು. ಪರಂಪರೆಯ ಮೇಲೆ ಪ್ರೀತಿ ಇರುವವರೂ ಪರಂಪರೆಯ ಹೆಸರಿನಲ್ಲಿ ಬಂದ ಗ್ರಂಥವೊಂದನ್ನು ಒರೆಗೆ ಹಚ್ಚಬಲ್ಲರು ಎಂಬುದಕ್ಕೆ ಇದು ಸಾಕ್ಷಿ. 2015ರ ಜನವರಿಯಲ್ಲಿ ಮುಂಬೈನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನವಿದ್ಯೆಯ ಕುರಿತ ಉಪನ್ಯಾಸ ವಿವಾದ ಎಬ್ಬಿಸಿದಾಗ ಎಲ್ಲರೂ ಮತ್ತೆ ಕೈಗೆತ್ತಿಕೊಂಡಿದ್ದು 41 ವರ್ಷ ಹಳೆಯ ಈ ವಿಮರ್ಶೆಯನ್ನೇ. ಅದು ಇಷ್ಟು ಕಾಲ ಉಳಿದದ್ದು ತೀರ್ಪಿನ ಬಲದಿಂದಲ್ಲ. ಪ್ರತಿಯೊಂದು ಮಾತಿಗೂ ಅಲ್ಲಿ ಕಾರಣವಿದೆ, ಬೇಕಾದವರು ಆ ಕಾರಣಗಳನ್ನು ತಾವೇ ಪರಿಶೀಲಿಸಿಕೊಳ್ಳಬಹುದು. ವಿಮರ್ಶೆ ಎಂದರೆ ಇದು ಎಂದು ನಾನು ನಂಬಿದ್ದೇನೆ. ಮುಂದಿನ ಮಾತೆಲ್ಲ ಇದೇ ನಂಬಿಕೆಯ ವಿಸ್ತರಣೆ.

ಪರೀಕ್ಷೆಯಲ್ಲಿ ಕೇಳದ ಪ್ರಶ್ನೆ

ನಮ್ಮ ಶಾಲೆಗಳಲ್ಲಿ ಬರವಣಿಗೆಯ ಅಭ್ಯಾಸವೇನೂ ಕಡಿಮೆಯಿಲ್ಲ. ‘ಸಾರಾಂಶ ಬರೆಯಿರಿ’, ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’, ‘ಎಂಟು–ಹತ್ತು ವಾಕ್ಯಗಳಲ್ಲಿ ಉತ್ತರಿಸಿ’ ಎಂಬ ಪ್ರಶ್ನೆಗಳಿಗೆ ಉತ್ತರಿಸಿಯೇ ನಾವೆಲ್ಲ ದೊಡ್ಡವರಾದೆವು. ಈ ಪ್ರಶ್ನೆಗಳು ಪಠ್ಯವನ್ನು ಅರ್ಥ ಮಾಡಿಕೊಳ್ಳಲು ಕಲಿಸುತ್ತವೆ, ಸವಿಯಲು ಕಲಿಸುತ್ತವೆ. ಅದಕ್ಕೆ ಋಣಿಯಾಗಿರೋಣ. ಆದರೆ ‘ಲೇಖಕರ ಈ ಮಾತನ್ನು ನೀವು ಒಪ್ಪುತ್ತೀರಾ? ಇಲ್ಲವಾದರೆ ಏಕೆ?’ ಎಂಬ ಪ್ರಶ್ನೆ ಬರುವುದು ಅಪರೂಪ. ಪಾಠವನ್ನು ಬರೆದವರು ದೊಡ್ಡವರು, ಪುಸ್ತಕದಲ್ಲಿ ಅಚ್ಚಾದದ್ದು ಸರಿ ಎಂಬ ಭಾವನೆಯಲ್ಲೇ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಾರೆ.

ಅಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಬೇರೆಯದೇ ಬೇಡಿಕೆ ಎದುರಾಗುತ್ತದೆ. ಪತ್ರಿಕೋದ್ಯಮದ ವಿದ್ಯಾರ್ಥಿಗೆ ಸಂಪಾದಕೀಯವೊಂದನ್ನು ವಿಮರ್ಶಿಸಿ ಎನ್ನುತ್ತಾರೆ. ಬಿ.ಎಡ್. ಓದುವವರಿಗೆ, ಎಂ.ಎ. ಓದುವವರಿಗೆ ಸೆಮಿನಾರಿಗೆ ಒಂದು ಪ್ರಬಂಧ ಕೊಟ್ಟು ವಿಮರ್ಶೆ ಬರೆದು ತನ್ನಿ ಎನ್ನುತ್ತಾರೆ. ಸಂಶೋಧನೆಗೆ ಸೇರಿದವರು ಹಿಂದಿನವರ ಲೇಖನಗಳನ್ನು ಒಂದೊಂದಾಗಿ ತೂಗಿ ನೋಡದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಹೇಗೆ ಬರೆಯಬೇಕೆಂದು ಹೇಳಿಕೊಟ್ಟವರಿಲ್ಲ. ಹಾಗಾಗಿ ಮೂರು ಬಗೆಯ ಬರಹ ಮೇಜಿನ ಮೇಲೆ ಬಂದು ಬೀಳುತ್ತದೆ. ಕೆಲವರು ಮೂಲ ಲೇಖನದ ಸಾರಾಂಶವನ್ನೇ ಬರೆದು ಕೊನೆಗೆ ‘ಚೆನ್ನಾಗಿ ಮೂಡಿಬಂದಿದೆ’ ಎಂದು ಸೇರಿಸುತ್ತಾರೆ. ಕೆಲವರು ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂದುಕೊಂಡು ಮೊದಲ ಸಾಲಿನಿಂದಲೇ ಟೀಕೆಗೆ ಇಳಿಯುತ್ತಾರೆ. ಇನ್ನು ಕೆಲವರು ಲೇಖನವನ್ನು ಬದಿಗಿಟ್ಟು ಅದೇ ವಿಷಯದ ಮೇಲೆ ತಮ್ಮದೊಂದು ಪ್ರಬಂಧ ಬರೆದುಬಿಡುತ್ತಾರೆ.

ಇದರಲ್ಲಿ ವಿದ್ಯಾರ್ಥಿಗಳ ತಪ್ಪಿಲ್ಲ. ಸಾರಾಂಶ ಲೇಖಕ ಏನು ಹೇಳಿದ ಎಂಬುದನ್ನು ತಿಳಿಸುತ್ತದೆ. ಅಭಿಪ್ರಾಯ ನನಗೇನು ಅನ್ನಿಸಿತು ಎಂಬುದನ್ನು ತಿಳಿಸುತ್ತದೆ. ಲೇಖಕ ಹೇಳಿದ್ದು ಅವನೇ ಕೊಟ್ಟ ಆಧಾರದ ಮೇಲೆ ನಿಲ್ಲುತ್ತದೆಯೇ ಎಂದು ನೋಡುವುದು ವಿಮರ್ಶೆಯ ಕೆಲಸ. ಈ ವ್ಯತ್ಯಾಸವನ್ನು ಯಾರಾದರೂ ಕೂರಿಸಿಕೊಂಡು ತೋರಿಸಬೇಕು.

ಮೊದಲು ಅವರ ಮಾತು

ಮೊದಲ ನಿಯಮ ಹಳೆಯದು, ನಮ್ಮದೇ. ಮೀಮಾಂಸೆ, ವೇದಾಂತಗಳ ಗ್ರಂಥಗಳಲ್ಲಿ ಮೊದಲು ವಿಷಯ ಬರುತ್ತದೆ, ಆಮೇಲೆ ಸಂಶಯ, ಅದಾದ ಮೇಲೆ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ. ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಟ್ಟ ಮೇಲಷ್ಟೇ ತನ್ನ ಮಾತು. ಎದುರಾಳಿಯೇ ಓದಿ ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ತಲೆದೂಗುವಷ್ಟು ನಿಷ್ಠೆಯಿಂದ ಅದನ್ನು ಹೇಳಬೇಕು.

ಆಧುನಿಕ ಭಾರತದಲ್ಲಿ ಈ ಶಿಸ್ತಿನ ದೊಡ್ಡ ಉದಾಹರಣೆ ಅಂಬೇಡ್ಕರ್ ಮತ್ತು ಗಾಂಧಿ ನಡುವಿನ ವಾದ. 1936ರಲ್ಲಿ ಲಾಹೋರಿನ ಜಾತ್–ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆಯಿತು. ಭಾಷಣದ ಪ್ರತಿ ನೋಡಿದ ಮೇಲೆ ಸಂಘಟಕರು ಕೆಲವು ಭಾಗಗಳಿಗೆ ಆಕ್ಷೇಪ ಎತ್ತಿದರು, ಸಮ್ಮೇಳನವೇ ನಡೆಯಲಿಲ್ಲ. ಅಂಬೇಡ್ಕರ್ ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’.

ಗಾಂಧಿ ಅದೇ ವರ್ಷದ ಜುಲೈನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಭಾಷಣದ ಮುಖ್ಯ ವಾದವನ್ನು ಅವರು ಒಪ್ಪಲಿಲ್ಲ. ಆದರೂ ಯಾವ ಸುಧಾರಕನೂ ಇದನ್ನು ಕಡೆಗಣಿಸುವಂತಿಲ್ಲ ಎಂದರು. ಎಂಟಾಣೆ ಬೆಲೆ ಹೆಚ್ಚಾಯಿತು, ಎರಡಾಣೆಯೋ ನಾಲ್ಕಾಣೆಯೋ ಇಡಬೇಕಿತ್ತು ಎಂದೂ ಬರೆದರು. ತಾವು ಒಪ್ಪದ ಪುಸ್ತಕ ಹೆಚ್ಚು ಜನರ ಕೈ ಸೇರಲಿ ಎಂದು ಬಯಸಿದ ವಿಮರ್ಶಕ ಅವರು.

ಅಂಬೇಡ್ಕರ್ ಇದಕ್ಕೆ ಕೊಟ್ಟ ಉತ್ತರದ ಕ್ರಮವನ್ನು ವಿಮರ್ಶೆ ಕಲಿಯುವ ಪ್ರತಿಯೊಬ್ಬರೂ ನೋಡಬೇಕು. 1937ರಲ್ಲಿ ಬಂದ ಎರಡನೆಯ ಮುದ್ರಣದಲ್ಲಿ ಅವರು ಮೊದಲು ಗಾಂಧಿಯವರ ಲೇಖನವನ್ನು ಅನುಬಂಧವಾಗಿ ಸೇರಿಸಿದರು. ತಮ್ಮನ್ನು ಟೀಕಿಸಿದ ಬರಹಕ್ಕೆ ತಮ್ಮ ಪುಸ್ತಕದಲ್ಲೇ ಜಾಗ ಕೊಟ್ಟರು. ಆಮೇಲೆ ಉತ್ತರ. ಅದರಲ್ಲಿ ತಾವು ಭಾಷಣದಲ್ಲಿ ಹೇಳಿದ್ದೇನು ಎಂಬುದನ್ನು ಅಂಶ ಅಂಶವಾಗಿ ಪಟ್ಟಿ ಮಾಡಿದರು. ಗಾಂಧಿ ಎತ್ತಿದ ಆಕ್ಷೇಪಗಳನ್ನೂ ಹಾಗೆಯೇ ಪಟ್ಟಿ ಮಾಡಿ, ಒಂದೊಂದನ್ನೇ ತೆಗೆದುಕೊಂಡು ಉತ್ತರಿಸಿದರು.

ಧರ್ಮವೊಂದನ್ನು ಅದರ ಕೆಟ್ಟ ಮಾದರಿಗಳಿಂದ ಅಳೆಯಬಾರದು, ಅದರ ಶ್ರೇಷ್ಠರಿಂದ ಅಳೆಯಬೇಕು ಎಂಬುದು ಗಾಂಧಿಯವರ ಒಂದು ಮುಖ್ಯ ವಾದ. ಅಂಬೇಡ್ಕರ್ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲಿಲ್ಲ. ಹಾಗೆಯೇ ಆಗಲಿ ಎಂದುಕೊಂಡು ಮುಂದಿನ ಪ್ರಶ್ನೆ ಕೇಳಿದರು: ಶ್ರೇಷ್ಠರು ಇಷ್ಟು ಕಡಿಮೆ, ಕೆಟ್ಟವರು ಇಷ್ಟು ಹೆಚ್ಚು ಇರುವುದು ಏಕೆ? ಎದುರಾಳಿಯ ಅಳತೆಗೋಲನ್ನೇ ಕೈಗೆ ತೆಗೆದುಕೊಂಡು ಅಳೆದು ತೋರಿಸುವ ವಿಧಾನ ಇದು. ಅವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದವನಿಗೆ ಇದು ಸಾಧ್ಯವೇ ಇಲ್ಲ.

ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದು ಇದನ್ನೇ. ಒಂದು ಲೇಖನವನ್ನು ಮೂರು ಸಲ ಓದಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೆಯ ಸಲ ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಮಾಡುವ ಕೆಲಸವನ್ನು ಒಂದೆರಡು ಪದದಲ್ಲಿ ಬರೆಯಿರಿ: ಹಿನ್ನೆಲೆ, ವಾದ, ಉದಾಹರಣೆ, ಅಂಕಿಅಂಶ, ಆಕ್ಷೇಪಕ್ಕೆ ಉತ್ತರ, ತೀರ್ಮಾನ. ಮೂರನೆಯ ಸಲ ಓದಿ ಮುಗಿಸಿದ ಮೇಲೆ ಲೇಖನವನ್ನು ಮುಚ್ಚಿಟ್ಟು, ಅದರ ಮುಖ್ಯ ವಾದವನ್ನು ನಿಮ್ಮ ಮಾತಿನಲ್ಲಿ ಎರಡು ವಾಕ್ಯದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಓದು ಇನ್ನೂ ಮುಗಿದಿಲ್ಲ.

ಒಂದು ಪ್ಯಾರಾ ಬಿಡಿಸಿ ನೋಡಿದರೆ

ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ನೋಡುವುದು ಲೇಸು. ಪತ್ರಿಕೆಯೊಂದರಲ್ಲಿ ‘ಮೊಬೈಲ್ ನುಂಗಿದ ಓದು’ ಎಂಬ ಲೇಖನ ಬಂದಿದೆ, ಅದರಲ್ಲಿ ಹೀಗೊಂದು ಪ್ಯಾರಾ ಇದೆ ಎಂದು ಕಲ್ಪಿಸಿಕೊಳ್ಳೋಣ:

‘ಹತ್ತು ವರ್ಷದ ಹಿಂದೆ ನಮ್ಮೂರ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಕೂರಲು ಜಾಗ ಸಿಗುತ್ತಿರಲಿಲ್ಲ. ಈಗ ಕುರ್ಚಿಗಳು ಖಾಲಿ. ಪುಸ್ತಕ ಎರವಲು ಕೊಡುವ ರಿಜಿಸ್ಟರ್ ನೋಡಿದೆ, ಮೊದಲಿನ ಅರ್ಧದಷ್ಟು ಪುಸ್ತಕವೂ ಹೊರಗೆ ಹೋಗುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾವ ಹುಡುಗನನ್ನು ನೋಡಿದರೂ ಕೈಯಲ್ಲಿ ಮೊಬೈಲ್. ಮೊಬೈಲ್ ನಮ್ಮ ಯುವಜನರ ಓದನ್ನು ಕೊಂದುಹಾಕಿದೆ. ಸರ್ಕಾರ ವಿದ್ಯಾರ್ಥಿಗಳಿಗೆ ಮೊಬೈಲ್ ಬಳಕೆಯನ್ನು ನಿಷೇಧಿಸಬೇಕು.’

ಓದಿದ ಕೂಡಲೇ ಹೌದಲ್ಲ ಅನ್ನಿಸುತ್ತದೆ. ನಿಧಾನವಾಗಿ ಬಿಡಿಸಿದರೆ ಈ ಆರು ವಾಕ್ಯಗಳು ಒಂದೇ ಜಾತಿಯವಲ್ಲ ಎಂದು ತಿಳಿಯುತ್ತದೆ. ಮೊದಲನೆಯದು ನೆನಪು. ಎರಡನೆಯದು ಮತ್ತು ನಾಲ್ಕನೆಯದು ಕಣ್ಣಿಗೆ ಕಂಡದ್ದು. ಮೂರನೆಯದು ದಾಖಲೆ. ಐದನೆಯದು ಕಾರಣದ ಬಗೆಗಿನ ತೀರ್ಮಾನ. ಆರನೆಯದು ಬೇಡಿಕೆ. ನೆನಪಿಗೆ ಕೇಳುವ ಪ್ರಶ್ನೆ ಬೇರೆ, ದಾಖಲೆಗೆ ಕೇಳುವ ಪ್ರಶ್ನೆ ಬೇರೆ, ಬೇಡಿಕೆಗೆ ಕೇಳುವ ಪ್ರಶ್ನೆಯೇ ಬೇರೆ.

ಈ ಪ್ಯಾರಾದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ರಿಜಿಸ್ಟರ್. ಲೇಖಕರು ಹೋಗಿ ನೋಡಿದ್ದಾರೆ. ಅದನ್ನು ಮೆಚ್ಚಿ ಹೇಳಬೇಕು. ಆದರೆ ರಿಜಿಸ್ಟರ್ ಲೆಕ್ಕ ಇಡುವುದು ಮನೆಗೆ ಹೋದ ಪುಸ್ತಕಗಳನ್ನು ಮಾತ್ರ. ಅಲ್ಲೇ ಕೂತು ಪತ್ರಿಕೆ ಓದಿದವರು, ಸ್ಪರ್ಧಾತ್ಮಕ ಪರೀಕ್ಷೆಗೆ ತಮ್ಮದೇ ಪುಸ್ತಕ ತಂದು ಓದಿದವರು ಅದರಲ್ಲಿಲ್ಲ. ಹಾಗಾದರೆ ಕಡಿಮೆಯಾದದ್ದು ಓದೋ, ಎರವಲೋ?

ಎರವಲೇ ಕಡಿಮೆಯಾಗಿದೆ ಎಂದಿಟ್ಟುಕೊಂಡರೂ ಕಾರಣ ಮೊಬೈಲ್ ಒಂದೇ ಆಗಬೇಕಿಲ್ಲ. ಆ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದು ಎಷ್ಟು ವರ್ಷವಾಯಿತು? ಕೆಲಸಕ್ಕೆ, ಕಾಲೇಜಿಗೆ ಹೋದವರು ಊರಿಗೆ ಮರಳುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆಯೇ? ಹತ್ತು ವರ್ಷದ ಹಿಂದೆ ಕುರ್ಚಿ ತುಂಬುತ್ತಿದ್ದ ಹುಡುಗರು ಈಗ ಕೋಚಿಂಗ್‌ಗೆಂದು ಧಾರವಾಡಕ್ಕೋ ಬೆಂಗಳೂರಿಗೋ ಹೋಗಿದ್ದಾರೆಯೇ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೊಸ ಹೆಸರಿನಲ್ಲಿ ನಡೆಯುತ್ತಿವೆ. ಲೇಖಕರು ಒಂದೇ ಊರಿನದನ್ನು ನೋಡಿ ‘ನಮ್ಮ ಯುವಜನ’ ಎನ್ನುವ ಮುನ್ನ ಪಕ್ಕದೂರಿನ ಕೇಂದ್ರಕ್ಕೂ ಹೋಗಿ ಬಂದಿದ್ದರೆ ವಾದಕ್ಕೆ ಬಲ ಬರುತ್ತಿತ್ತು.

ಇನ್ನು ಬೇಡಿಕೆ. ಮೊಬೈಲೇ ಕಾರಣ ಎಂದು ಒಪ್ಪಿಕೊಂಡರೂ ನಿಷೇಧವೇ ಮದ್ದು ಎಂಬುದು ತಾನಾಗಿ ಸಾಬೀತಾಗುವುದಿಲ್ಲ. ಅದೇ ಮೊಬೈಲಿನಲ್ಲಿ ಮಕ್ಕಳು ನೋಟ್ಸ್ ಓದುತ್ತಾರೆ, ಅರ್ಜಿ ತುಂಬುತ್ತಾರೆ, ಫಲಿತಾಂಶ ನೋಡುತ್ತಾರೆ. ನಿಷೇಧ ಬೇಕು ಎನ್ನುವವರು ಇದಕ್ಕೆಲ್ಲ ಉತ್ತರ ಕೊಡಬೇಕು. ಐದನೆಯ ವಾಕ್ಯದಿಂದ ಆರನೆಯದಕ್ಕೆ ಹೋಗಲು ಒಂದು ಪ್ರತ್ಯೇಕ ವಾದವೇ ಬೇಕಿತ್ತು. ಲೇಖನದಲ್ಲಿ ಅದು ಇಲ್ಲ.

ಈ ಪ್ಯಾರಾದ ಮೇಲೆ ಮೂರು ಪ್ರತಿಕ್ರಿಯೆ ನೋಡಿ. ಮೊದಲನೆಯದು: ‘ಲೇಖನ ಸಮಯೋಚಿತವಾಗಿದೆ. ಭಾಷೆ ಸರಳವಾಗಿದೆ. ಇನ್ನಷ್ಟು ಆಳಕ್ಕೆ ಇಳಿಯಬೇಕಿತ್ತು.’ ಇದನ್ನು ಯಾವ ಲೇಖನದ ಕೆಳಗೆ ಬೇಕಾದರೂ ಅಂಟಿಸಬಹುದು. ಎರಡನೆಯದು: ‘ಹಳೆ ಕಾಲದವರಿಗೆ ಹೊಸದೆಲ್ಲ ಕೆಟ್ಟದ್ದೇ. ಇವರು ಒಂದು ದಿನ ಮೊಬೈಲ್ ಬಿಟ್ಟು ಇರಲಿ ನೋಡೋಣ.’ ಇದು ಲೇಖಕರ ವಯಸ್ಸನ್ನು ಮುಟ್ಟಿತೇ ಹೊರತು ವಾದವನ್ನು ಮುಟ್ಟಲಿಲ್ಲ.

ಮೂರನೆಯದು ಹೀಗಿರಬಹುದು: ‘ಊರಿನ ಗ್ರಂಥಾಲಯದಿಂದ ಎರವಲು ಹೋಗುವ ಪುಸ್ತಕಗಳು ಅರ್ಧಕ್ಕಿಂತ ಕಡಿಮೆಯಾಗಿವೆ ಎಂದು ಲೇಖಕರು ರಿಜಿಸ್ಟರ್ ನೋಡಿ ಹೇಳುತ್ತಾರೆ. ಚಿಂತೆಗೆ ಇದು ನಿಜವಾದ ಕಾರಣ. ಆದರೆ ಇದಕ್ಕೆ ಮೊಬೈಲೇ ಕಾರಣ ಎನ್ನಲು ಅವರು ಕೊಡುವ ಆಧಾರ ಬಸ್‌ಸ್ಟ್ಯಾಂಡಿನ ದೃಶ್ಯ ಮಾತ್ರ. ಗ್ರಂಥಾಲಯದ ಸಮಯ, ಹೊಸ ಪುಸ್ತಕಗಳ ಖರೀದಿ, ಊರು ಬಿಟ್ಟ ಓದುಗರು ಎಂಬ ಬೇರೆ ಕಾರಣಗಳನ್ನು ಲೇಖನ ಪರಿಶೀಲಿಸಿಲ್ಲ. ಹೀಗಾಗಿ ಸಮಸ್ಯೆ ಇದೆ ಎಂಬ ಭಾಗವನ್ನು ಒಪ್ಪಬಹುದು, ನಿಷೇಧವೇ ಪರಿಹಾರ ಎಂಬ ಭಾಗವನ್ನು ಒಪ್ಪಲು ಸಾಧ್ಯವಿಲ್ಲ.’

ಎಲ್ಲಿಯವರೆಗೆ ಒಪ್ಪುತ್ತೇನೆ, ಎಲ್ಲಿಂದ ಒಪ್ಪುವುದಿಲ್ಲ ಎಂಬ ಗೆರೆ ಈ ಮೂರನೆಯ ಬರಹದಲ್ಲಿ ಸ್ಪಷ್ಟವಾಗಿದೆ. ಲೇಖಕರೇ ಓದಿದರೂ ಸಿಟ್ಟಾಗುವುದಿಲ್ಲ. ಮರುದಿನ ಗ್ರಂಥಾಲಯಕ್ಕೆ ಹೋಗಿ ಸಮಯದ ಬೋರ್ಡ್ ನೋಡಿಕೊಂಡು ಬಂದರೂ ಬರಬಹುದು.

ಓದಿಗೆ ಸಿಗುವುದು, ಸಿಗದಿರುವುದು

ಎಚ್ಚರದ ಓದು ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತಿಳಿದಿರಬೇಕು. ಇದಕ್ಕೆ ವೈದ್ಯಕೀಯ ಲೋಕದ ಒಂದು ಪ್ರಕರಣವನ್ನು ನೋಡಬೇಕು.

1998ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನವೊಂದು ಬಂತು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಎಂಎಂಆರ್ ಲಸಿಕೆಗೂ ಮಕ್ಕಳ ಆಟಿಸಂಗೂ ನಂಟಿದೆಯೇನೋ ಎಂಬ ಅನುಮಾನ ಅದರಿಂದ ಹುಟ್ಟಿತು. ಭಯ ದೇಶದಿಂದ ದೇಶಕ್ಕೆ ಹರಡಿತು. ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರ ಸಂಖ್ಯೆ ಇಳಿಯಿತು, ದಡಾರ ಮತ್ತೆ ತಲೆಯೆತ್ತಿತು.

ಲೇಖನವನ್ನು ಸುಮ್ಮನೆ ಗಮನವಿಟ್ಟು ಓದಿದ್ದರೇ ಹಲವು ಸಂಗತಿ ಕಾಣುತ್ತಿದ್ದವು. ಅಲ್ಲಿದ್ದದ್ದು 12 ಮಕ್ಕಳ ವಿವರ ಮಾತ್ರ. ಲಸಿಕೆ ಪಡೆದೂ ತೊಂದರೆ ಇಲ್ಲದ ಮಕ್ಕಳ ಜೊತೆ ಹೋಲಿಕೆ ಇರಲಿಲ್ಲ. ಲಸಿಕೆಗೂ ಲಕ್ಷಣಗಳಿಗೂ ಇರುವ ನಂಟು ಎಂಟು ಮಕ್ಕಳ ವಿಷಯದಲ್ಲಿ ಬಂದಿತ್ತು, ಅದೂ ಬಹುಮಟ್ಟಿಗೆ ಹೆತ್ತವರ ನೆನಪಿನ ಮೇಲೆ. ನಂಟನ್ನು ನಾವು ಸಾಬೀತುಪಡಿಸಿಲ್ಲ ಎಂದು ಲೇಖನವೇ ಒಪ್ಪಿಕೊಂಡಿತ್ತು. ಈ ನಾಲ್ಕು ಮಾತು ಹೇಳಲು ತಜ್ಞರೇ ಆಗಬೇಕಿಲ್ಲ. ‘ಎಷ್ಟು ಮಂದಿ? ಯಾರಿಗೆ ಹೋಲಿಸಿದ್ದೀರಿ? ಹೇಗೆ ಗೊತ್ತಾಯಿತು? ನೀವೇ ಏನು ಹೇಳಿದ್ದೀರಿ?’ ಎಂದು ಕೇಳಿಕೊಂಡರೆ ಸಾಕಿತ್ತು.

ಆದರೆ ಇನ್ನೂ ಕೆಲವು ಸಂಗತಿಗಳು ಲೇಖನದ ಒಳಗೆ ಇರಲೇ ಇಲ್ಲ. ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ ಹಣ ಸಂದಿತ್ತು. ಇದನ್ನು ಹೊರತಂದದ್ದು ಬ್ರಿಯಾನ್ ಡೀರ್ ಎಂಬ ಪತ್ರಕರ್ತ, 2004ರಲ್ಲಿ. ಅದೇ ವರ್ಷ ಸಹಲೇಖಕರಲ್ಲಿ 10 ಮಂದಿ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಅರ್ಥ ವಿವರಣೆಯಿಂದ ಹಿಂದೆ ಸರಿದರು. 2010ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಲೇಖನವನ್ನೇ ಹಿಂಪಡೆಯಿತು. ಆ ವರ್ಷದ ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರನ್ನು ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. ಮಕ್ಕಳ ವೈದ್ಯಕೀಯ ದಾಖಲೆಗಳಿಗೂ ಲೇಖನದಲ್ಲಿ ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ ಎಂಬುದನ್ನು ಡೀರ್ 2011ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ವಿವರವಾಗಿ ಬರೆದರು.

ಅಂದರೆ ವಿಮರ್ಶೆಗೆ ಎರಡು ಹಂತ. ಒಂದು, ಲೇಖನ ತನ್ನ ಆಧಾರಕ್ಕೆ ತಕ್ಕಷ್ಟೇ ಮಾತಾಡಿದೆಯೇ ಎಂದು ನೋಡುವುದು. ಇದನ್ನು ಮನೆಯಲ್ಲಿ ಕೂತು ಯಾವ ಓದುಗನಾದರೂ ಮಾಡಬಹುದು. ಎರಡು, ಆ ಆಧಾರವೇ ನಿಜವೇ ಎಂದು ನೋಡುವುದು. ಅದಕ್ಕೆ ಎದ್ದು ಹೋಗಿ ದಾಖಲೆ ಹುಡುಕಬೇಕು, ಜನರನ್ನು ಮಾತಾಡಿಸಬೇಕು, ವರ್ಷಗಟ್ಟಲೆ ಕಾಯಬೇಕಾಗಲೂಬಹುದು. ಮೊದಲ ಹಂತ ಮುಗಿಸಿದವರು ಎರಡನೆಯದನ್ನೂ ಮಾಡಿದ್ದೇವೆ ಎಂಬಂತೆ ಬರೆಯಬಾರದು. ‘ಲೇಖಕರು ಆಧಾರ ಕೊಟ್ಟಿಲ್ಲ’ ಎಂಬುದು ಒಂದು ಮಾತು, ‘ಲೇಖಕರು ಸುಳ್ಳು ಹೇಳಿದ್ದಾರೆ’ ಎಂಬುದು ಬೇರೆಯೇ ಮಾತು. ಎರಡನೆಯದನ್ನು ಹೇಳುವವನ ಕೈಯಲ್ಲಿ ದಾಖಲೆ ಇರಬೇಕು.

ಈ ಹಳೆಯ ಲೇಖನದ ನೆರಳು ಇನ್ನೂ ಪೂರ್ತಿ ಸರಿದಿಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಲಸಿಕೆ ಬೇಡ ಎನ್ನುವ ಸಂದೇಶಗಳು ಹರಿದಾಡಿದವು. ಓದಿದ್ದನ್ನು ತೂಗಿ ನೋಡುವ ಅಭ್ಯಾಸ ಪರೀಕ್ಷೆಯ ಅಂಕಕ್ಕಷ್ಟೇ ಸೀಮಿತವಲ್ಲ. ಮಗುವಿಗೆ ಲಸಿಕೆ ಹಾಕಿಸಬೇಕೇ ಬೇಡವೇ ಎಂದು ಒಬ್ಬ ತಾಯಿ ನಿರ್ಧರಿಸುವ ಹೊತ್ತಿಗೂ ಅದು ಬೇಕು.

ಮಾತಿನ ಹದ

ವಿಮರ್ಶೆಯಲ್ಲಿ ಒಂದೊಂದು ಕ್ರಿಯಾಪದವೂ ಒಂದೊಂದು ತೀರ್ಪು. ‘ಲೇಖಕರು ಹೇಳುತ್ತಾರೆ’ ಎಂದರೆ ವರದಿ. ‘ತೋರಿಸಿಕೊಡುತ್ತಾರೆ’ ಎಂದರೆ ನೀವು ಒಪ್ಪಿದಿರಿ. ‘ಸೂಚಿಸುತ್ತಾರೆ’ ಎಂದರೆ ನೇರವಾಗಿ ಹೇಳಿಲ್ಲ. ‘ಹೇಳಿಕೊಳ್ಳುತ್ತಾರೆ’ ಎಂದರೆ ನಿಮಗೆ ಅನುಮಾನವಿದೆ. ಯಾವುದನ್ನು ಬಳಸುತ್ತೀರೋ ಅದಕ್ಕೆ ನೀವು ಹೊಣೆ. ಸಾರಾಂಶದ ಭಾಗದಲ್ಲಿ ‘ಹೇಳುತ್ತಾರೆ’ ಸಾಕು. ಅಲ್ಲೇ ‘ಹೇಳಿಕೊಳ್ಳುತ್ತಾರೆ’ ಎಂದು ಬರೆದರೆ ಕಾರಣ ಕೊಡುವ ಮುನ್ನವೇ ಓದುಗನ ಮನಸ್ಸನ್ನು ಒಂದು ಕಡೆ ವಾಲಿಸಿದಂತೆ.

ಹೊಗಳಿಕೆಗೂ ಕಾರಣ ಬೇಕು. ‘ಅದ್ಭುತ ಲೇಖನ’ ಎಂದರೆ ಲೇಖಕನಿಗೂ ಉಪಯೋಗವಿಲ್ಲ, ಓದುಗನಿಗೂ ಇಲ್ಲ. ‘ಬರಗಾಲದ ಚರ್ಚೆಯಲ್ಲಿ ಮಳೆಯ ಒಟ್ಟು ಪ್ರಮಾಣವನ್ನಷ್ಟೇ ನೋಡದೆ, ಮಳೆ ಬಿದ್ದ ದಿನಗಳ ಹಂಚಿಕೆಯನ್ನೂ ನೋಡಿದ್ದು ಈ ಲೇಖನದ ಹೆಚ್ಚುಗಾರಿಕೆ’ ಎಂದರೆ ಎಲ್ಲರಿಗೂ ಏನೋ ಸಿಕ್ಕಿತು. ಕಾರಣ ಸಹಿತ ಮೆಚ್ಚುವುದು ಕಾರಣ ಸಹಿತ ಟೀಕಿಸುವುದಕ್ಕಿಂತ ಕಷ್ಟ. ಅಭ್ಯಾಸಕ್ಕೆ ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಲೇಖನ ಎತ್ತಿಕೊಳ್ಳದ ವಿಷಯಕ್ಕೆ ಅದನ್ನು ದೂರುವುದೂ ನ್ಯಾಯವಲ್ಲ. ಮಲೆನಾಡಿನ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಬರೆದವರನ್ನು ಬಯಲುಸೀಮೆಯ ತೆಂಗಿನ ಬಗ್ಗೆ ಏಕೆ ಬರೆಯಲಿಲ್ಲ ಎಂದು ಕೇಳಬಾರದು. ಎಲೆಚುಕ್ಕೆಯ ಬಗ್ಗೆ ಬರೆದೂ ಬೆಳೆಗಾರರ ಮಾತನ್ನೇ ಕೇಳದಿದ್ದರೆ ಆಗ ಖಂಡಿತ ಕೇಳಬೇಕು. ಲೇಖನ ತಾನೇ ಕೊಟ್ಟ ಮಾತನ್ನು ಉಳಿಸಿಕೊಂಡಿದೆಯೇ ಎಂಬುದು ಮೊದಲ ಅಳತೆ.

ಬರೆಯಲು ಕೂರುವವರಿಗೆ

* ಲೇಖನ, ಲೇಖಕ, ಪ್ರಕಟವಾದ ಕಡೆ, ವರ್ಷ: ಮೊದಲ ಪ್ಯಾರಾದಲ್ಲೇ ಇರಲಿ. ಮುಖ್ಯ ವಾದವನ್ನೂ ನಿಮ್ಮ ಒಟ್ಟು ನಿಲುವನ್ನೂ ಅಲ್ಲೇ ಒಂದೊಂದು ವಾಕ್ಯದಲ್ಲಿ ಹೇಳಿ.

* ಸಾರಾಂಶ ಇಡೀ ಬರಹದ ಕಾಲು ಭಾಗ ಮೀರದಿರಲಿ. ಅದರಲ್ಲಿ ನಿಮ್ಮ ಅಭಿಪ್ರಾಯ ನುಸುಳದಿರಲಿ.

* ಎಲ್ಲ ಅಂಶಗಳನ್ನೂ ಎತ್ತಿಕೊಳ್ಳಬೇಡಿ. ವಾದ ನಿಂತಿರುವ ಎರಡೋ ಮೂರೋ ಆಧಾರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ಪ್ಯಾರಾ ಕೊಡಿ.

* ಪ್ರತಿ ಪ್ಯಾರಾದಲ್ಲಿ ಮೂರು ಇರಲಿ: ಲೇಖಕರ ಮಾತು, ಅದನ್ನು ನೀವು ಒಪ್ಪುವ ಅಥವಾ ಒಪ್ಪದ ಬಿಂದು, ಅದಕ್ಕೆ ಕಾರಣ.

* ಅಂಕಿಅಂಶ ಕಂಡಲ್ಲಿ ಕೇಳಿ: ಯಾರು ಎಣಿಸಿದರು, ಎಷ್ಟರಲ್ಲಿ ಇಷ್ಟು, ಯಾವ ವರ್ಷದ್ದು?

* ಕಾಗುಣಿತ, ಅಚ್ಚಿನ ತಪ್ಪುಗಳಿಗೆ ವಾದದ ಜಾಗ ಕೊಡಬೇಡಿ. ಅವು ಅರ್ಥ ಕೆಡಿಸಿದ್ದರೆ ಮಾತ್ರ ಹೇಳಿ.

* ಬರೆದು ಮುಗಿದ ಮೇಲೆ ಲೇಖಕರ ಜಾಗದಲ್ಲಿ ಕೂತು ಒಮ್ಮೆ ಓದಿ. ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದು ಅವರು ಎನ್ನಬಹುದಾದ ವಾಕ್ಯ ಕಂಡರೆ ಮೂಲಕ್ಕೆ ಮರಳಿ ತಿದ್ದಿ.

ಇದಕ್ಕೆಲ್ಲ ಹೆಚ್ಚಿನ ಸಲಕರಣೆ ಬೇಕಿಲ್ಲ. ದಿನಪತ್ರಿಕೆಯ ಸಂಪಾದಕೀಯ ಪುಟ ಪ್ರತಿ ಕಾಲೇಜಿಗೂ ಬರುತ್ತದೆ, ಬಹುತೇಕ ಗ್ರಂಥಾಲಯಗಳಿಗೂ ಬರುತ್ತದೆ. ಕನ್ನಡದ ಅಧ್ಯಾಪಕರು ತಿಂಗಳಿಗೆ ಒಂದು ಪೀರಿಯಡ್ ಇದಕ್ಕೆಂದು ಮೀಸಲಿಡಬೇಕು ಎಂಬುದು ನನ್ನ ವಿನಂತಿ. ಒಂದು ಲೇಖನವನ್ನು ಇಡೀ ತರಗತಿ ಓದಲಿ. ಅರ್ಧ ತರಗತಿ ಅದನ್ನು ಒಪ್ಪಿ ಬರೆಯಲಿ, ಅರ್ಧ ತರಗತಿ ಒಪ್ಪದೆ ಬರೆಯಲಿ. ಮುಂದಿನ ತಿಂಗಳು ಅದಲುಬದಲಾಗಲಿ. ತಾನು ಒಪ್ಪದ ವಾದಕ್ಕೆ ಒಳ್ಳೆಯ ಕಾರಣ ಹುಡುಕಿ ಬರೆದ ವಿದ್ಯಾರ್ಥಿಗೆ ಎದುರಿನವರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ ತಾನಾಗಿ ಬರುತ್ತದೆ. ಈ ಬರಹಗಳಲ್ಲಿ ಚೆನ್ನಾಗಿ ಬಂದ ಎರಡನ್ನು ಪತ್ರಿಕೆಯ ಓದುಗರ ಅಂಕಣಕ್ಕೆ ಹೆಸರು, ಊರು ಸಹಿತ ಕಳಿಸಿಕೊಡಿ. ಸಂಪಾದಕರೂ ಅಂಥ ಪತ್ರಗಳಿಗೆ ನಾಲ್ಕು ಸಾಲು ಹೆಚ್ಚು ಜಾಗ ಕೊಡಲಿ.